ಪರಿಗ್ರಹ ಪರಿಮಾಣವೂ ಪರದೇಶದ ಅಂಗಡಿಯೂ

ವ್ರತವು ಭಂಗವಾಗುವುದು ಯಾವ ಘಳಿಗೆಯಲ್ಲಿ? ಉಪವಾಸದ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ. ಅನ್ನವು ನಾಲಗೆಯನ್ನು ಮುಟ್ಟಿದಾಗ ಭಂಗವಾಯಿತೆಂದು ಮನೆಯ ಮಕ್ಕಳೂ ಹೇಳಬಲ್ಲರು. ಪರಿಗ್ರಹ ಪರಿಮಾಣ ವ್ರತದ ವಿಷಯ ಹಾಗಲ್ಲ. ಇಷ್ಟು ವಸ್ತ್ರ, ಇಷ್ಟು ಪಾತ್ರೆ, ಇಷ್ಟು ಹಣ ಎಂದು ಮಿತಿಯನ್ನು ಸಂಕಲ್ಪಿಸಿದ ಶ್ರಾವಕನು ಆ ಮಿತಿಯನ್ನು ಮೀರುವುದು ವಸ್ತುವು ಮನೆಯ ಹೊಸ್ತಿಲನ್ನು ದಾಟಿದಾಗಲೋ, ಬೆಲೆ ತೆತ್ತಾಗಲೋ, ಕೈಗೆತ್ತಿಕೊಂಡಾಗಲೋ, ಅಥವಾ ಅದಕ್ಕೂ ಮೊದಲು ಕಣ್ಣು ಅದರ ಮೇಲೆ ನೆಟ್ಟಾಗಲೋ? ಬಹುಕಾಲ ನಾನು ಹೊಸ್ತಿಲನ್ನೇ ಗಡಿಯೆಂದು ನಂಬಿದ್ದೆನು. ಆ ನಂಬಿಕೆ ಸಡಿಲವಾದ ಬಗೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಾನು ವೃತ್ತಿನಿಮಿತ್ತವಾಗಿ ಊರಿಗಾಮಿಗೆ ಬಂದು ನೆಲೆಸಿದವನು. ೨೦೦೧ನೆಯ ಇಸವಿಯ ಫೆಬ್ರವರಿ ೨೮ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚುವವರೆಗೆ ಅಲ್ಲಿಯ ಉಗ್ರಾಣದಲ್ಲಿ ಲೆಕ್ಕ ಬರೆದವನು. ೨೦೧೮ರ ದಶಲಕ್ಷಣ ಪರ್ವದಲ್ಲಿ, ಉತ್ತಮ ಆಕಿಂಚನ್ಯದ ದಿನ, ನಾನೂ ನನ್ನ ಧರ್ಮಪತ್ನಿಯೂ ಕೂಡಿ ನಮ್ಮ ಮನೆಯ ಸಕಲ ವಸ್ತುಗಳನ್ನೂ ಒಂದು ನೋಟುಪುಸ್ತಕದಲ್ಲಿ ಬರೆದು, ಇದಕ್ಕಿಂತ ಹೆಚ್ಚಿಸುವುದಿಲ್ಲವೆಂದು ನಿಯಮ ಮಾಡಿದೆವು. ಒಂದು ಹೊಸತು ಒಳಬಂದರೆ ಅದೇ ಜಾತಿಯ ಹಳೆಯದೊಂದು ಹೊರಗೆ ಹೋಗಬೇಕು. ಯಾವಜ್ಜೀವದ ಯಮವಾಗಿ ಸ್ವೀಕರಿಸುವ ಧೈರ್ಯವಿಲ್ಲದೆ ವರ್ಷಾವಧಿಯ ನಿಯಮವಾಗಿ ಹಿಡಿದು, ಪ್ರತಿ ಪರ್ವದಲ್ಲಿಯೂ ನವೀಕರಿಸುತ್ತ ಬಂದೆವು. ಪುಸ್ತಕದ ಕೊನೆಯಲ್ಲಿ ನಾನೇ ಒಂದು ಸಾಲನ್ನು ಸೇರಿಸಿದ್ದೆನು: ಅನ್ಯರಿಗೆ ಕೊಡುವುದಕ್ಕಾಗಿ ಕೊಂಡ ವಸ್ತು ಈ ಲೆಕ್ಕಕ್ಕೆ ಸೇರತಕ್ಕದ್ದಲ್ಲ. ಉಗ್ರಾಣದ ಗುಮಾಸ್ತನ ಬುದ್ಧಿ ಆ ಸಾಲಿನಲ್ಲಿ ಅಡಗಿತ್ತೆಂದು ಆಗ ನನಗೆ ತೋರಲಿಲ್ಲ.

೨೦೨೪ರ ಏಪ್ರಿಲ್ ತಿಂಗಳಲ್ಲಿ ನಾವು ಜಪಾನಿಗೆ ಹೋದೆವು. ಮಗನು ತೋಕಿಯೋ ನಗರದ ಎದೊಗಾವಾ ವಿಭಾಗದ ನಿಶಿ-ಕಸಾಯಿ ಎಂಬಲ್ಲಿ ವಾಸವಾಗಿದ್ದಾನೆ. ಗಣಕಯಂತ್ರದ ಉದ್ಯೋಗಕ್ಕಾಗಿ ಹೋದ ಭಾರತೀಯ ಕುಟುಂಬಗಳು ಅಲ್ಲಿ ಬಹುಸಂಖ್ಯೆಯಲ್ಲಿವೆ. ಬೇಳೆಕಾಳು, ಹಿಟ್ಟುಗಳಿಗೆ ಕೊರತೆಯಿಲ್ಲ. ದಿಗ್ವ್ರತದ ಮೇರೆಯನ್ನು ನಾನು ಅದುವರೆಗೆ ಸಂಕಲ್ಪಿಸಿರಲಿಲ್ಲವಾದ್ದರಿಂದ ಸಮುದ್ರ ದಾಟುವುದಕ್ಕೆ ವ್ರತದ ಬಾಧಕವೂ ಇರಲಿಲ್ಲ. ಹೊರಡುವ ಮುನ್ನ ಪತ್ನಿಯು ಒಂದು ಚೀಟಿಯಲ್ಲಿ ಮೂರೇ ವಸ್ತುಗಳನ್ನು ಬರೆದುಕೊಂಡಿದ್ದಳು: ತನ್ನ ಮಂಡಿನೋವಿಗೆ ಅಂಟಿಸುವ ಔಷಧದ ಪಟ್ಟಿ, ನೆರೆಮನೆಯ ಬಾಲಕನಿಗೆ ಒಂದು ಪೆನ್ಸಿಲ್ ಡಬ್ಬಿ, ಮುರಿದುಹೋದ ಕೊಡೆಗೆ ಬದಲಾಗಿ ಒಂದು ಕೊಡೆ.

ಜಪಾನಿಗೆ ಹೋದ ಪ್ರವಾಸಿಗರು ತಪ್ಪದೆ ನೋಡಿಬರುವ ಸ್ಥಳಗಳಲ್ಲಿ ದೇವಾಲಯಗಳೂ ಉದ್ಯಾನಗಳೂ ಇರುವಂತೆ ಈಗ ಅಂಗಡಿಗಳೂ ಸೇರಿವೆ. ೨೦೨೪ರಲ್ಲಿ ಆ ದೇಶಕ್ಕೆ ಬಂದ ವಿದೇಶೀಯರ ಸಂಖ್ಯೆ ೩ ಕೋಟಿ ೬೮ ಲಕ್ಷವನ್ನು ಮೀರಿತು. ಯೆನ್ ನಾಣ್ಯದ ಬೆಲೆ ಆ ವಸಂತದಲ್ಲಿ ಬಹಳ ಕುಸಿದು, ನೂರು ಯೆನ್ನಿಗೆ ನಮ್ಮ ಸುಮಾರು ೫೫ ರೂಪಾಯಿಗಳಷ್ಟೇ ಆಗಿತ್ತು. ಹೀಗೆ ಅಗ್ಗವಾದ ದೇಶದಲ್ಲಿ ಇನ್ನೂ ಅಗ್ಗಕ್ಕೆ ಮಾರುವ ಮಳಿಗೆಗಳಲ್ಲಿ ಹೆಸರಾದದ್ದು ‘ಡಾನ್ ಕಿಹೋಟೆ’ ಎಂಬುದು. ಗಾಳಿಯಂತ್ರಗಳನ್ನು ರಾಕ್ಷಸರೆಂದು ಭ್ರಮಿಸಿ ಯುದ್ಧಕ್ಕೆ ಹೊರಟ ಸ್ಪೇನ್ ದೇಶದ ಕಥಾನಾಯಕನ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ.

ಇದರ ಹುಟ್ಟಿನ ವೃತ್ತಾಂತವು ನಮ್ಮ ಪ್ರಶ್ನೆಗೆ ಸಂಬಂಧಪಟ್ಟುದಾಗಿದೆ. ತಕಾವೊ ಯಾಸುದಾ ಎಂಬ ವರ್ತಕನು ೧೯೭೮ರಲ್ಲಿ ತೋಕಿಯೋದ ಸುಗಿನಾಮಿ ವಿಭಾಗದಲ್ಲಿ ಸುಮಾರು ೬೦ ಚದರ ಮೀಟರಿನ ಒಂದು ಚಿಕ್ಕ ಅಂಗಡಿಯನ್ನು ತೆರೆದನು. ಅದಕ್ಕೆ ಅವನು ಇಟ್ಟ ಹೆಸರಿನ ಅರ್ಥ ‘ಕಳ್ಳರ ಸಂತೆ’. ಅಚೌರ್ಯ ಅಣುವ್ರತಿಗಳಾದ ನಮಗೆ ನಗೆ ಬರಿಸುವ ಹೆಸರು. ಬೇರೆ ಉಗ್ರಾಣಕ್ಕೆ ಹಣವಿಲ್ಲದ್ದರಿಂದ ಇದ್ದ ಸರಕನ್ನೆಲ್ಲ ಅಂಗಡಿಯೊಳಗೇ ಮಾಡು ಮುಟ್ಟುವಂತೆ ಒಟ್ಟಿದನು. ಯಾವ ಪೆಟ್ಟಿಗೆಯಲ್ಲಿ ಏನಿದೆಯೆಂದು ತಿಳಿಯದೆ ಹೋದುದರಿಂದ ಕೈಬರಹದ ಚೀಟಿಗಳನ್ನು ಅಂಟಿಸಿದನು. ರಾತ್ರಿ ಬಾಗಿಲು ತೆರೆದು ಸರಕನ್ನು ಜೋಡಿಸುತ್ತಿದ್ದಾಗ ದಾರಿಹೋಕರು ಅಂಗಡಿ ತೆರೆದಿದೆಯೆಂದು ಒಳಬಂದರು. ರಾತ್ರಿಯಲ್ಲಿ ಕೊಳ್ಳುವ ಜನರಿದ್ದಾರೆಂಬುದು ಅವನಿಗೆ ಹೀಗೆ ತಿಳಿಯಿತು. ೧೯೮೯ರಲ್ಲಿ ಫುಚೂ ಎಂಬ ಊರಿನಲ್ಲಿ ಡಾನ್ ಕಿಹೋಟೆಯ ಮೊದಲ ಮಳಿಗೆಯನ್ನು ತೆರೆದಾಗ ಬಡತನದಿಂದ ಆಗಿದ್ದ ಆ ಇಕ್ಕಟ್ಟು ಬೇಕೆಂದೇ ಮಾಡುವ ಕ್ರಮವಾಯಿತು. ಸರಕನ್ನು ಒತ್ತಿ ಅಡಕಿ, ಓಣಿಗಳನ್ನು ಕಿರಿದುಮಾಡಿ, ಬೇಕಾದುದು ನೇರವಾಗಿ ಸಿಕ್ಕದಂತೆ ಇಡುವುದು ಅವರ ಪದ್ಧತಿ. ನಿಧಿಯನ್ನು ಹುಡುಕುವವನಂತೆ ಗ್ರಾಹಕನು ಅಲೆಯಲಿ ಎಂಬುದೇ ಅದರ ಅಭಿಪ್ರಾಯ. ಅನೇಕ ಶಾಖೆಗಳಿಗೆ ಹಗಲು ರಾತ್ರಿಯೆಂಬ ಭೇದವಿಲ್ಲ.

ಅಂತಹ ಒಂದು ಮಳಿಗೆಗೆ ನಾವು ಸೂರ್ಯಾಸ್ತಕ್ಕೆ ಮುನ್ನವೇ ಊಟವನ್ನು ಮುಗಿಸಿ ಹೋದೆವು. ರಾತ್ರಿಭೋಜನ ತ್ಯಾಗಿಗಳಿಗೆ ರಾತ್ರಿಯ ಹೊತ್ತು ಉಳಿದೇ ಇರುತ್ತದೆ, ಹೋಗಿಬರೋಣ ಎಂದು ಮಗನು ಹಾಸ್ಯ ಮಾಡಿದನು. ಒಳಗೆ ಕಾಲಿಟ್ಟರೆ ಎರಡಾಳು ಎದುರುಬದುರಾದರೆ ಒಬ್ಬರು ಮೈ ಮುದುರಬೇಕಾದಷ್ಟು ಕಿರಿದಾದ ದಾರಿ. ನೆಲದಿಂದ ಮಾಡಿನವರೆಗೆ ಸರಕು. ಮಿಠಾಯಿಯ ಪಕ್ಕದಲ್ಲಿ ಕಾಲುಚೀಲ, ಅದರ ಮೇಲೆ ವಿದ್ಯುತ್ ದೀಪ, ಅದರ ಬದಿಯಲ್ಲಿ ಮುಖಕ್ಕೆ ಹಚ್ಚುವ ಲೇಪ, ತಿರುಗಿದರೆ ಆಟಿಕೆ, ಮೇಲಂತಸ್ತಿಗೇರಿದರೆ ಗಾಜಿನ ಪೆಟ್ಟಿಗೆಯಲ್ಲಿ ಲಕ್ಷಾಂತರ ಯೆನ್ ಬೆಲೆಯ ಕೈಗಡಿಯಾರ. ಹಳದಿ ಕಾಗದದ ಮೇಲೆ ದಪ್ಪ ಅಕ್ಷರಗಳ ಬೆಲೆಚೀಟಿಗಳು. ಮಳಿಗೆಯದೇ ಆದ ಒಂದು ಹಾಡು ಎಡೆಬಿಡದೆ ಕೇಳುತ್ತದೆ. ಚೀನ, ಕೊರಿಯ, ಯುರೋಪು, ಅಮೆರಿಕಗಳಿಂದ ಬಂದ ಜನ ಬುಟ್ಟಿಗಳನ್ನು ತುಂಬಿಕೊಳ್ಳುತ್ತ ಪ್ರವಾಹದಂತೆ ಸಾಗುತ್ತಾರೆ. ನಿಂತರೆ ಹಿಂದಿನವರಿಗೆ ಅಡ್ಡಿ, ನಡೆದರೆ ಬುಟ್ಟಿಗೆ ಇನ್ನೊಂದು ವಸ್ತು.

ಮೂವತ್ತು ವರ್ಷಕ್ಕೆ ಸಮೀಪ ಉಗ್ರಾಣದಲ್ಲಿದ್ದವನಿಗೆ ಇದು ಅಚ್ಚರಿಯ ನೋಟ. ಗಣಿಯ ಉಗ್ರಾಣದಲ್ಲಿಯೂ ಸಾವಿರಾರು ಬಗೆಯ ಸಾಮಾನಿತ್ತು: ಉಕ್ಕಿನ ಹಗ್ಗ, ಮರದ ದಿಮ್ಮಿ, ದೀಪ, ಬೂಟು, ಮೊಳೆ. ಪ್ರತಿಯೊಂದಕ್ಕೂ ಒಂದು ಬಿನ್ ಕಾರ್ಡು. ಯಾವ ವಿಭಾಗಕ್ಕೆ, ಯಾವ ಕೆಲಸಕ್ಕೆ, ಎಷ್ಟು ಎಂದು ಬರೆದ ಇಂಡೆಂಟ್ ಬಾರದೆ ಒಂದು ಮೊಳೆಯೂ ಕದಲುತ್ತಿರಲಿಲ್ಲ. ಅಲ್ಲಿ ಬೇಡಿಕೆ ಮೊದಲು, ವಸ್ತು ಆಮೇಲೆ. ಇಲ್ಲಿ ವಸ್ತು ಮೊದಲು, ಬೇಡಿಕೆ ಆಮೇಲೆ. ನನ್ನ ಮನಸ್ಸಿನಲ್ಲಿ ಅದುವರೆಗೆ ಹುಟ್ಟದಿದ್ದ ಬಯಕೆಗೆ ರೂಪ, ಬಣ್ಣ, ಬೆಲೆಗಳು ಮೊದಲೇ ಸಿದ್ಧವಾಗಿ ಕಾದಿದ್ದವು.

ಚೀಟಿಯಲ್ಲಿ ಬರೆದಿದ್ದ ಮೂರು ವಸ್ತುಗಳೂ ದೊರೆತವು. ಔಷಧದ ಪಟ್ಟಿಗೆ ೧೩೦೦ ಯೆನ್, ಪೆನ್ಸಿಲ್ ಡಬ್ಬಿಗೆ ೮೦೦, ಕೊಡೆಗೆ ೨೨೦೦, ಒಟ್ಟು ೪೩೦೦. ಆಗ ಮಗನು ಒಂದು ಸಂಗತಿಯನ್ನು ಜ್ಞಾಪಿಸಿದನು. ವಿದೇಶದ ಪ್ರವಾಸಿಯು ಒಂದೇ ದಿನ ಒಂದೇ ಮಳಿಗೆಯಲ್ಲಿ ೫೦೦೦ ಯೆನ್ ಅಥವಾ ಮೇಲ್ಪಟ್ಟು ಖರೀದಿಸಿದರೆ ಶೇಕಡ ೧೦ರ ಮಾರಾಟ ತೆರಿಗೆಯನ್ನು ಕೊಡಬೇಕಾಗಿರಲಿಲ್ಲ. ಇನ್ನು ೭೦೦ ಯೆನ್ನಿಗೆ ಏನಾದರೂ ತೆಗೆದುಕೊಂಡರೆ ತೆರಿಗೆ ಉಳಿಯುತ್ತದೆ! ನಾನು ಒಂದು ಟವೆಲನ್ನು ತೆಗೆದು ಬುಟ್ಟಿಗೆ ಹಾಕಿದೆನು. ಲೆಕ್ಕದಲ್ಲಿ ಆಯುಷ್ಯ ಕಳೆದವನು ಆ ಕ್ಷಣದಲ್ಲಿ ಲೆಕ್ಕವನ್ನು ಮಾಡಲಿಲ್ಲ. ಟವೆಲಿಲ್ಲದೆ ತೆರಿಗೆಯನ್ನು ಸೇರಿಸಿ ಕೊಟ್ಟಿದ್ದರೆ ೪೭೩೦ ಆಗುತ್ತಿತ್ತು. ತೆರಿಗೆಯನ್ನು ಉಳಿಸಲು ಹೋಗಿ ೫೦೦೦ ಆಯಿತು. ೨೭೦ ಯೆನ್ ಹೆಚ್ಚು ಕೊಟ್ಟು, ಬೇಡದ ಟವೆಲೊಂದನ್ನು ಹೊತ್ತು, ಅದನ್ನು ಉಳಿತಾಯವೆಂದು ಕರೆದೆನು. ಲೋಭವು ಸಾಮಾನ್ಯವಾಗಿ ಲೋಭದ ವೇಷದಲ್ಲಿ ಬರುವುದಿಲ್ಲ, ಮಿತವ್ಯಯದ ವೇಷದಲ್ಲಿಯೇ ಬರುತ್ತದೆ.

ಆ ಮೇರೆಯನ್ನು ದಾಟಿದ ಮೇಲೆ ನಿಲ್ಲುವುದಕ್ಕೆ ಕಾರಣವೇ ಉಳಿಯಲಿಲ್ಲ. ತೆರಿಗೆಯಿಲ್ಲ, ಬೆಲೆ ಅಗ್ಗ, ಮತ್ತೆ ಬರುವುದು ಯಾವಾಗಲೋ! ಉಗುರು ಕತ್ತರಿ, ಚಿಕ್ಕ ದೀಪ, ಪುಟ್ಟ ಡಬ್ಬಿಗಳು, ಮಿಠಾಯಿಯ ಪೊಟ್ಟಣಗಳು, ಮುಖಲೇಪದ ಹಾಳೆಗಳು ಬುಟ್ಟಿ ಸೇರಿದವು. ಹಣ ಕೊಟ್ಟು ಹೊರಬಂದಾಗ ಒಟ್ಟು ೧೭ ವಸ್ತುಗಳು, ೧೬,೪೦೦ ಯೆನ್. ನಮ್ಮ ಹಣದಲ್ಲಿ ಸುಮಾರು ೯೦೦೦ ರೂಪಾಯಿ. ದಾರಿಯಲ್ಲಿ ಪತ್ನಿಯು, “ಇದು ನಮ್ಮ ಪುಸ್ತಕಕ್ಕೆ ಬರುವುದಿಲ್ಲವೇನ್ರೀ?” ಎಂದು ಕೇಳಿದಳು. “ಇಲ್ಲ, ಅವೆಲ್ಲ ಬೇರೆಯವರಿಗೆ ಕೊಡುವುದಲ್ಲವೇ?” ಎಂದೆನು. ಯಾರಿಗೆಂದು ಅವಳು ಮತ್ತೆ ಕೇಳಲಿಲ್ಲ. ಅವಳು ಕೇಳದಿದ್ದುದೇ ನನ್ನನ್ನು ಹೆಚ್ಚು ಕಾಡಿತು.

ಅನ್ಯರಿಗಾಗಿ ಕೊಂಡದ್ದು ನನ್ನ ಪರಿಗ್ರಹವೇ? ಜಪಾನೀಯರಲ್ಲಿಯೂ ಪ್ರವಾಸದಿಂದ ಮರಳುವಾಗ ಬಂಧುಗಳಿಗೂ ಜೊತೆಯ ಕೆಲಸಗಾರರಿಗೂ ಆ ಊರಿನ ತಿನಿಸನ್ನು ತರುವ ‘ಒಮಿಯಾಗೆ’ ಎಂಬ ಸಂಪ್ರದಾಯವಿದೆ. ಅದು ಸ್ನೇಹದ ಗುರುತು, ಅದನ್ನು ದೋಷವೆನ್ನಲಾಗದು. ಕೊಡುವುದು ಸದ್ಗುಣ. ಆದರೆ ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರ ಧರ್ಮಾಮೃತ’ದಲ್ಲಿ ಈ ವ್ರತದ ಅತಿಚಾರಗಳನ್ನು ಹೇಳುವಾಗ ಮನುಷ್ಯನ ಕುಯುಕ್ತಿಯನ್ನು ಕೈಯ ನೆಲ್ಲಿಯಂತೆ ತೋರಿದ್ದಾರೆ. ಎರಡು ಹೊಲಗಳಿಗೆ ಮಿತಿ ಮಾಡಿದವನು ಮೂರನೆಯದನ್ನು ಕೊಂಡು ನಡುವಿನ ಬದುವನ್ನು ಕಿತ್ತು ಎರಡೇ ಎನ್ನುತ್ತಾನೆ. ಧಾನ್ಯಕ್ಕೆ ಮಿತಿ ಮಾಡಿದವನು ಬೆಲೆ ಗೊತ್ತುಮಾಡಿ ಮುಂದೆ ಒಯ್ಯುವೆನೆಂದು ಅನ್ಯರ ಮನೆಯಲ್ಲಿಯೇ ಬಿಡುತ್ತಾನೆ. ಪಾತ್ರೆಗೆ ಮಿತಿ ಮಾಡಿದವನು ಎರಡನ್ನು ಕರಗಿಸಿ ಒಂದನ್ನು ದೊಡ್ಡದಾಗಿ ಎರಕಹೊಯ್ಯಿಸುತ್ತಾನೆ. ಚಿನ್ನಕ್ಕೆ ಮಿತಿ ಮಾಡಿದವನು ಹೆಚ್ಚಾದುದನ್ನು ಅನ್ಯರಿಗೆ ಕೊಟ್ಟಿರುತ್ತಾನೆ, ಅವಧಿ ಮುಗಿದ ಮೇಲೆ ಹಿಂದಕ್ಕೆ ಪಡೆಯುವ ಎಣಿಕೆಯಿಂದ. ಇವುಗಳಲ್ಲಿ ಸಂಖ್ಯೆ ತಪ್ಪುವುದಿಲ್ಲ. ವ್ರತದ ಹೊರಮೈ ಅಭಂಗವಾಗಿಯೇ ಇರುತ್ತದೆ, ಒಳಮೈ ಮಾತ್ರ ಟೊಳ್ಳಾಗಿರುತ್ತದೆ. ಆದುದರಿಂದಲೇ ಇವನ್ನು ಪೂರ್ಣ ಭಂಗವೆನ್ನದೆ ಅತಿಚಾರವೆಂದರು.

ಪುಸ್ತಕದ ಕೊನೆಯಲ್ಲಿ ನಾನು ಬರೆದಿದ್ದ ಸಾಲು ಇದೇ ಜಾತಿಯದು. ಮಗನ ಮನೆಗೆ ಬಂದು ೧೭ ವಸ್ತುಗಳ ಮುಂದೆ ಹೆಸರುಗಳನ್ನು ಬರೆಯಲು ಕುಳಿತಾಗ ಐದಕ್ಕೆ ಮಾತ್ರ ಹೆಸರು ಸಿಕ್ಕಿತು. ಉಳಿದ ಹನ್ನೆರಡು ‘ಯಾರಿಗಾದರೂ’. ದಾನಕ್ಕೆ ಪಾತ್ರ ಬೇಕು. ಪಾತ್ರವಿಲ್ಲದೆ ಕೊಂಡಿಟ್ಟ ದಾನದ್ರವ್ಯವು ದಾನವೆಂಬ ಹೆಸರಿಟ್ಟುಕೊಂಡ ಸಂಗ್ರಹವೇ ಹೊರತು ಬೇರೆಯಲ್ಲ. ಯಾರಿಗಾದರೂ ಕೊಟ್ಟಾಗ ಬರುವ ಮೆಚ್ಚಿಕೆಯನ್ನು ನಾನು ಮೊದಲೇ ಕೊಂಡಿದ್ದೆನು, ಕೊಳ್ಳುವ ಸುಖವಂತೂ ನನ್ನದೇ ಆಗಿತ್ತು.

ಇನ್ನೊಂದು ತೊಡಕು ಅದೇ ರಾತ್ರಿ ಎದುರಾಯಿತು. ತೆರಿಗೆಯ ವಿನಾಯಿತಿ ಪಡೆದ ಬಳಕೆಯ ಸರಕನ್ನು ಆಗ ಪಾರದರ್ಶಕ ಚೀಲದಲ್ಲಿಟ್ಟು ಮುದ್ರೆ ಹಾಕಿ ಕೊಡುತ್ತಿದ್ದರು. ಉಳಿದವನ್ನೂ ಅದರೊಡನೆ ಸೇರಿಸಿ ಲೆಕ್ಕ ಹಾಕಿದುದರಿಂದ ಎಲ್ಲವೂ ಚೀಲದಲ್ಲಿಯೇ ಇದ್ದವು. ಜಪಾನನ್ನು ಬಿಡುವವರೆಗೆ ಅದನ್ನು ಬಿಚ್ಚುವಂತಿರಲಿಲ್ಲ. ಮಗನು ಚೀಲದ ಹೊರಗಿನಿಂದಲೇ ಮಿಠಾಯಿಯ ಪೊಟ್ಟಣಗಳ ಮೇಲಿನ ಜಪಾನೀ ಅಕ್ಷರಗಳನ್ನು ಮೊಬೈಲಿನಲ್ಲಿ ಅನುವಾದಿಸಿ ನೋಡಿದಾಗ ಎರಡರಲ್ಲಿ ಪ್ರಾಣಿಗಳ ಎಲುಬು ತೊಗಲುಗಳಿಂದ ತೆಗೆಯುವ ಜಿಲೆಟಿನ್ ಇತ್ತು. ಚೀಟಿ ಅಲ್ಲಿಯೇ ಇತ್ತು, ಮೊಬೈಲೂ ಕೈಯಲ್ಲಿತ್ತು. ಕೊಳ್ಳುವ ಮುನ್ನ ಓದದೆ ಇದ್ದುದು ನಮ್ಮ ಪ್ರಮಾದ. ನಾವು ತಿನ್ನದುದನ್ನು ತಿನ್ನುವ ನೆರೆಯವರಿಗೆ ಕೊಡಬಹುದೇ? ಅವರಿಗೆ ಅಭ್ಯಂತರವಿಲ್ಲದಿರಬಹುದು. ಆದರೆ ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಾಗಿಲುಗಳನ್ನೂ ಕಾಯಬೇಕಾದ ಶ್ರಾವಕನು ಮೂರನೆಯದನ್ನು ತೆರೆದಿಟ್ಟು ಮೊದಲೆರಡಕ್ಕೆ ಬೀಗ ಹಾಕಿದರೆ ಏನು ಫಲ? ಎಸೆದರೆ ಒಂದು ತಪ್ಪು, ಕೊಟ್ಟರೆ ಇನ್ನೊಂದು ತಪ್ಪು. ಬುಟ್ಟಿಗೆ ಹಾಕಿದ ಘಳಿಗೆಯಲ್ಲಿಯೇ ಸರಿಯಾದ ದಾರಿ ಮುಚ್ಚಿಹೋಗಿತ್ತು.

ಆ ಚೀಲದ ಮುದ್ರೆಯನ್ನು ನಾವು ತಿಂಗಳ ಕಾಲ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದೆವು. ಮೊಮ್ಮಗಳು ಅದರ ಬಳಿ ಸುಳಿದರೂ ಗದರಿಸಿದೆವು. ಸರಕಾರವು ಹಾಕಿದ ಒಂದು ಅಂಟುಪಟ್ಟಿಗೆ ತೋರಿದ ಭಯಭಕ್ತಿಯನ್ನು ಜಿನಬಿಂಬದ ಎದುರಿನಲ್ಲಿ ನಾವೇ ಹಾಕಿಕೊಂಡ ಮುದ್ರೆಗೆ ತೋರಿದ್ದೆವೇ ಎಂದು ನೆನೆದು ನಾಚಿಕೆಯಾಯಿತು.

ಇಷ್ಟಾದರೂ ಇದು ವಸ್ತುವಿನ ಮಾತು. ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಮುಂದಿನ ಚತುರ್ದಶಿಯ ದಿನ ಅನುಭವಕ್ಕೆ ಬಂದಿತು. ಆ ದಿನ ನನಗೆ ಉಪವಾಸ. ಸಾಮಾಯಿಕಕ್ಕೆ ಕುಳಿತೆನು. ಹಸಿವಿನ ಬಾಧೆ ಲವಲೇಶವೂ ಇರಲಿಲ್ಲ. ಆದರೆ ಮನಸ್ಸು ಮೇಲಂತಸ್ತಿನ ಗಾಜಿನ ಪೆಟ್ಟಿಗೆಯ ಮುಂದೆ ನಿಂತಿತ್ತು. ಆ ಗಡಿಯಾರಗಳಲ್ಲಿ ಒಂದನ್ನೂ ನಾನು ಕೊಳ್ಳುವವನಲ್ಲ, ಕೊಳ್ಳುವ ಶಕ್ತಿಯೂ ಇಲ್ಲ. ಬೆಲೆಯನ್ನು ಕೇಳಿಯೂ ಇರಲಿಲ್ಲ. ಸುಮ್ಮನೆ ಬೆರಗಾಗಿ ನೋಡಿದ್ದೆನು. ಹಳದಿ ಚೀಟಿಗಳು, ಓಣಿಗಳು, ಮುಟ್ಟದೆ ಬಿಟ್ಟುಬಂದ ವಸ್ತುಗಳು ಒಂದೊಂದಾಗಿ ಬಂದು ಹೋದವು. ಹೊಟ್ಟೆಯು ಉಪವಾಸವಿದ್ದಾಗ ಕಣ್ಣು ಮೊನ್ನೆ ಉಂಡುದನ್ನು ಮೆಲುಕುಹಾಕುತ್ತಿತ್ತು.

ಆಗ ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಪರಿಮಿತ ಪರಿಗ್ರಹಕ್ಕೆ ಹೇಳಿರುವ ಐದು ಅತಿಚಾರಗಳು ನೆನಪಿಗೆ ಬಂದವು: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಇವನ್ನು ನಾನು ಬಾಲ್ಯದಿಂದ ಕಂಠಪಾಠ ಮಾಡಿದ್ದರೂ ಮೂರನೆಯದರ ಬಳಿ ನಿಂತು ವಿಚಾರಿಸಿದವನಲ್ಲ. ದನಗಳನ್ನು ಶಕ್ತಿಮೀರಿ ನಡೆಸುವುದು, ಧಾನ್ಯವನ್ನು ಕೂಡಿಹಾಕುವುದು, ಮಿತಿಮೀರಿ ಹೇರುವುದು ಇವು ದೋಷವೆಂಬುದು ಸ್ಪಷ್ಟ. ಬೆರಗು ಹೇಗೆ ದೋಷವಾದೀತು? ಪರರ ಐಶ್ವರ್ಯವನ್ನು ಅಥವಾ ಲಾಭವನ್ನು ಕಂಡು ಮನಸ್ಸು ಬೆರಗಾಗಿ ಕಲಕಿಹೋಗುವುದೇ ಇಲ್ಲಿ ವಿಸ್ಮಯವೆಂದು ಬಲ್ಲವರು ಅರ್ಥ ಹೇಳುವರು. ಹೂವನ್ನೋ ಬೆಟ್ಟವನ್ನೋ ಜಿನಬಿಂಬದ ಶಾಂತಮುದ್ರೆಯನ್ನೋ ಕಂಡು ಬೆರಗಾಗುವುದು ಇದಲ್ಲ. ಆ ಬೆರಗಿನಲ್ಲಿ ‘ನನಗೆ’ ಎಂಬುದು ಕರಗುತ್ತದೆ. ಸರಕನ್ನು ಕಂಡ ಬೆರಗಿನಲ್ಲಿ ‘ನನಗೆ’ ಎಂಬುದು ಮೊಳೆಯುತ್ತದೆ. ಲೋಭಕ್ಕೆ ಮುಂಚೆ ವಿಸ್ಮಯವನ್ನು ಆಚಾರ್ಯರು ಎಣಿಸಿರುವುದು ಶ್ಲೋಕದ ಅನುಕೂಲಕ್ಕಾಗಿಯೇ ಇರಬಹುದು. ಆದರೆ ಆ ಮಳಿಗೆಯಲ್ಲಿ ನನಗೆ ಸಂಭವಿಸಿದುದು ಅದೇ ಅನುಕ್ರಮದಲ್ಲಿ: ಮೊದಲು ಬೆರಗಾದೆನು, ಆಮೇಲೆ ಆಸೆಪಟ್ಟೆನು, ಕೊನೆಗೆ ಹೊತ್ತೆನು.

ಉಮಾಸ್ವಾಮಿಗಳು ಮೂರ್ಛೆಯನ್ನೇ ಪರಿಗ್ರಹವೆಂದರು. ಪೂಜ್ಯಪಾದರು ಅದನ್ನು ವಿವರಿಸುತ್ತ, ಚೇತನಾಚೇತನ ವಸ್ತುಗಳನ್ನೂ ರಾಗಾದಿಗಳನ್ನೂ ಗಳಿಸುವ, ಕಾಯುವ, ಒಪ್ಪಗೊಳಿಸುವ ತೊಡಗುವಿಕೆಯೇ ಮೂರ್ಛೆಯೆಂದು ಹೇಳಿದ್ದಾರೆ. ಈ ದೃಷ್ಟಿಯಿಂದ ನೋಡಿದರೆ ಬರಿಗೈಯಲ್ಲಿ ಅಂಗಡಿಯಿಂದ ಹೊರಬಂದವನೂ ಬುಟ್ಟಿ ತುಂಬ ಹೊತ್ತು ಬಂದಿರಬಹುದು. ಬೇಕಾದ ಒಂದು ಕೊಡೆಯನ್ನು ಕೊಂಡು ಅದನ್ನು ಮರೆತವನು ಏನನ್ನೂ ಹೊರದೆ ಬಂದಿರಬಹುದು. ಹಾಗೆಂದು ಮನಸ್ಸು ಶುದ್ಧವಾಗಿದ್ದರೆ ಎಷ್ಟು ಕೊಂಡರೇನು ಎಂಬ ವಾದಕ್ಕೆ ಎಡೆಯಿಲ್ಲ. ಬಾಹ್ಯ ವಸ್ತುವು ಮೂರ್ಛೆಗೆ ನಿಮಿತ್ತ. ಸೌದೆಯನ್ನು ಒಟ್ಟುತ್ತ ಹೋಗಿ, ಬೆಂಕಿ ಹತ್ತಲಿಲ್ಲವೆಂದು ಹೆಮ್ಮೆ ಪಡುವುದು ವಿವೇಕವಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ನ್ಯಾಯವಾಗಿ ಪರಿಶೀಲಿಸಬೇಕು. ನಮ್ಮ ಸಮಾಜದಲ್ಲಿ ಬಹುಮಂದಿ ವ್ಯಾಪಾರದಿಂದಲೇ ಜೀವಿಸುವವರು. ಸರಕನ್ನು ಮನೋಹರವಾಗಿ ಇಡುವುದು ವರ್ತಕನ ಕೌಶಲ, ಅಗ್ಗಕ್ಕೆ ಮಾರುವುದು ಬಡವರಿಗೆ ಉಪಕಾರ. ಆ ಮಳಿಗೆಯಲ್ಲಿ ದುಡಿಮೆಯ ಬಳಿಕ ನಡುರಾತ್ರಿ ಬಂದು ಅಕ್ಕಿ, ಸಾಬೂನುಗಳನ್ನು ಕೊಂಡುಹೋಗುವ ವಿದ್ಯಾರ್ಥಿಗಳನ್ನೂ ಕೂಲಿಗಾರರನ್ನೂ ನಾನು ಕಂಡೆನು. ಅವರಿಗೆ ಅದು ಆಶ್ರಯವೇ ಸರಿ. ಆದುದರಿಂದ ಮಳಿಗೆಯನ್ನು ದೂರುವುದು ಈ ಲೇಖನದ ತಾತ್ಪರ್ಯವಲ್ಲ. ದೂರದ ದೇಶವನ್ನು ದೂರುವುದಂತೂ ಅಲ್ಲವೇ ಅಲ್ಲ. ಊರಿಗಾಂ ನಿಲ್ದಾಣದಲ್ಲಿ ರೈಲು ಹತ್ತಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗಿ ಚಿಕ್ಕಪೇಟೆಯ ಇಕ್ಕಟ್ಟಿನಲ್ಲಿ ನಾವು ಕೊಂಡುತಂದ ಸೀರೆಗಳಿಗೆ ಲೆಕ್ಕವಿದೆಯೇ? ಈಗಂತೂ ರೈಲು ಹತ್ತುವ ಶ್ರಮವೂ ಬೇಡ. ಅಂಗೈಯಗಲದ ಮೊಬೈಲಿನಲ್ಲಿ ಅದೇ ಇಕ್ಕಟ್ಟಾದ ಓಣಿ, ಅದೇ ಹಳದಿ ಚೀಟಿ, ಅದೇ ಮುಗಿಯದ ರಾತ್ರಿ. ಇಷ್ಟು ಮೊತ್ತಕ್ಕೆ ಕೊಂಡರೆ ಸಾಗಣೆ ಉಚಿತವೆಂಬ ಸೂಚನೆಯು ನನ್ನ ೭೦೦ ಯೆನ್ನಿನ ಟವೆಲಿಗೆ ಸಹೋದರನೇ. ಜಪಾನಿನ ಮಳಿಗೆಯು ನನಗೆ ಮಾಡಿದ ಉಪಕಾರವೆಂದರೆ ಊರಿನಲ್ಲಿ ಬಿಡಿಬಿಡಿಯಾಗಿ ನಡೆಯುತ್ತಿದ್ದುದನ್ನು ಒಂದೇ ರಾತ್ರಿಯಲ್ಲಿ ಒತ್ತಿ ಅಡಕಿ ತೋರಿಸಿದುದು.

ಹೊರಡುವ ದಿನ ಪೆಟ್ಟಿಗೆಗಳನ್ನು ತೂಗಿದೆವು. ಹೋಗುವಾಗ ಇಬ್ಬರದೂ ಸೇರಿ ೨೭ ಕಿಲೋ ಇದ್ದುದು ಬರುವಾಗ ೪೧ ಕಿಲೋ ಆಗಿತ್ತು. ವಿಮಾನದವರ ಮಿತಿಯೊಳಗೇ ಇತ್ತು. ಆದರೆ ಮಂಡಿನೋವಿನ ಪತ್ನಿಯು ಮಂಡಿನೋವಿನ ಪಟ್ಟಿಯಿದ್ದ ಪೆಟ್ಟಿಗೆಯನ್ನು ಬಂಗಾರಪೇಟೆಯ ನಿಲ್ದಾಣದ ಮೆಟ್ಟಿಲುಗಳಲ್ಲಿ ಎಳೆದುಕೊಂಡು ಬರುವುದನ್ನು ಕಂಡಾಗ ಐದನೆಯ ಅತಿಚಾರದ ಅರ್ಥವೂ ಆಯಿತು.

ಊರಿಗಾಮಿಗೆ ಬಂದವರಿಗೆ ಮೊದಲು ಕಾಣುವುದು ಸೈನೈಡ್ ದಿಬ್ಬಗಳು. ೧೮೮೦ರಿಂದ ಆರಂಭವಾಗಿ ಗಣಿಗಳು ಮುಚ್ಚುವವರೆಗೆ ಈ ನೆಲದಿಂದ ಸುಮಾರು ೮೦೦ ಟನ್ ಚಿನ್ನವನ್ನು ತೆಗೆದರು. ಚಾಂಪಿಯನ್ ರೀಫ್ ಗಣಿಯು ೩ ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅದಿರನ್ನು ಕುಟ್ಟಿ ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದುಕೊಂಡು, ಉಳಿದ ಹುಡಿಯನ್ನು ಇಲ್ಲಿಯೇ ಒಟ್ಟಿದರು. ಚಿನ್ನವು ಎಲ್ಲೆಲ್ಲಿಗೋ ಹೋಯಿತು. ೩ ಕೋಟಿ ಟನ್ನಿಗೂ ಮಿಗಿಲಾದ ಹುಡಿ ನಮ್ಮಲ್ಲಿ ಉಳಿಯಿತು. ಬೇಸಗೆಯ ಗಾಳಿ ಎದ್ದರೆ ಅದು ನಮ್ಮ ಅಂಗಳಕ್ಕೆ, ಒಣಹಾಕಿದ ಬಟ್ಟೆಗೆ ಬಂದು ಬೀಳುತ್ತದೆ. ಆಳದಲ್ಲಿ ದುಡಿದ ಎಷ್ಟೋ ಜನ ಕಾರ್ಮಿಕರು ತಾವು ಒಡೆದ ಬಂಡೆಯಲ್ಲಿ ಚಿನ್ನದ ಹೊಳಪನ್ನು ಕಣ್ಣಾರೆ ಕಂಡವರಲ್ಲ. ಯಾರದೋ ಕೊರಳಿನ ಒಂದೆಳೆಯ ಸರಕ್ಕೆ ಇಲ್ಲಿ ಎಷ್ಟು ಹುಡಿ ಬಿದ್ದಿದೆಯೆಂದು ಆ ಸರವನ್ನು ಧರಿಸಿದವರಿಗೆ ತಿಳಿಯದು. ಹಾಗೆಯೇ ನಾನು ತಂದ ಹದಿನೇಳು ವಸ್ತುಗಳ ಹುಡಿಯು ಯಾವ ಊರಿನ ಯಾವ ಅಂಗಳದಲ್ಲಿ ಬಿದ್ದಿದೆಯೋ ನನಗೆ ತಿಳಿಯದು. ಆರಂಭವಿಲ್ಲದೆ ಯಾವ ವಸ್ತುವೂ ಇಲ್ಲ, ಹಿಂಸೆಯಿಲ್ಲದೆ ಆರಂಭವಿಲ್ಲ. ಅಗತ್ಯವಾದುದಕ್ಕೆ ಆ ಹಿಂಸೆಯನ್ನು ಗೃಹಸ್ಥನು ತಗ್ಗಿದ ತಲೆಯಿಂದ ಒಪ್ಪಿಕೊಳ್ಳುತ್ತಾನೆ. ತೆರಿಗೆ ಉಳಿಸಿದ ಟವೆಲಿಗಾಗಿ ಒಪ್ಪಿಕೊಳ್ಳುವುದು ಹೇಗೆ?

ಹಿಂದಿರುಗಿದ ಮೇಲೆ ಮೊದಲು ಪುಸ್ತಕದ ಕೊನೆಯ ಸಾಲನ್ನು ಹೊಡೆದುಹಾಕಿದೆವು. ಕೊಡುವುದಕ್ಕಾಗಿ ಕೊಂಡದ್ದೂ ಕೊಡುವವರೆಗೆ ನಮ್ಮ ಲೆಕ್ಕವೇ. ಹೆಸರಿದ್ದ ಐದನ್ನು ಆಯಾ ಜನರಿಗೆ ಮುಟ್ಟಿಸಿದೆವು. ಜಿಲೆಟಿನ್ ಇದ್ದ ಪೊಟ್ಟಣಗಳನ್ನು ಯಾರಿಗೂ ಕೊಡಲಿಲ್ಲ. ಅವುಗಳ ಬೆಲೆಯಷ್ಟು ಹಣವನ್ನು ಜೀವದಯೆಯ ಕಾರ್ಯಕ್ಕೆ ತೆಗೆದಿಟ್ಟರೂ ಮಾಡಿದ ತಪ್ಪು ಅದರಿಂದ ಅಳಿಯಿತೆಂದು ನಂಬಿಲ್ಲ. ಉಳಿದ ಹತ್ತನ್ನು ಪುಸ್ತಕಕ್ಕೆ ಹತ್ತಿಸಿ, ನಿಯಮದಂತೆ ಹಳೆಯ ಹತ್ತನ್ನು ಬೇಕಾದವರಿಗೆ ಕೊಟ್ಟೆವು. ಹೊಸದನ್ನು ಕೊಡುವಾಗ ಇಲ್ಲದ ನೋವು, ಬಳಸಿ ಅಭ್ಯಾಸವಾದ ಹಳೆಯದನ್ನು ಕೊಡುವಾಗ ಆಯಿತು. ಮೂರ್ಛೆ ಎಲ್ಲಿ ಬೇರೂರಿತ್ತೆಂಬುದು ಆ ನೋವಿನಿಂದ ತಿಳಿಯಿತು.

ಮುಂದಿನ ಪರ್ವದಲ್ಲಿ ನಿಯಮವನ್ನು ನವೀಕರಿಸುವಾಗ ಕೆಲವು ಮಾತುಗಳನ್ನು ಸೇರಿಸಿಕೊಂಡೆವು. ಇದೇ ಸರಿಯೆಂಬ ಅಭಿಮಾನದಿಂದಲ್ಲ, ಯಾರಿಗಾದರೂ ಉಪಯೋಗವಾದೀತೆಂದು ಇಲ್ಲಿ ನಿವೇದಿಸುತ್ತೇನೆ. ಇಂಡೆಂಟ್ ಇಲ್ಲದೆ ಉಗ್ರಾಣದಿಂದ ಮೊಳೆಯೂ ಕದಲದಂತೆ, ವಸ್ತು ಮತ್ತು ಅದು ಯಾರಿಗೆಂಬ ಹೆಸರು ಎರಡನ್ನೂ ಮನೆಯಲ್ಲಿಯೇ ಬರೆದುಕೊಳ್ಳದೆ ಅಂಗಡಿಗೆ ಕಾಲಿಡುವುದಿಲ್ಲ. ದೇಶವ್ರತದಲ್ಲಿ ಸ್ಥಳಕ್ಕೂ ಕಾಲಕ್ಕೂ ಮೇರೆ ಹಾಕುವಂತೆ, ದೊಡ್ಡ ಮಳಿಗೆಗೆ ಹೋಗಬೇಕಾದಾಗ ಯಾವ ಅಂತಸ್ತಿಗೆ, ಎಷ್ಟು ಹೊತ್ತು ಎಂಬುದನ್ನು ಬಾಗಿಲಿನಲ್ಲಿಯೇ ಸಂಕಲ್ಪಿಸುತ್ತೇವೆ. ಅಷ್ಟಮಿ ಚತುರ್ದಶಿಗಳಲ್ಲಿ ಹೊಟ್ಟೆಯ ಉಪವಾಸದೊಡನೆ ಕಣ್ಣಿನ ಉಪವಾಸವನ್ನೂ ಇರಿಸಿಕೊಂಡಿದ್ದೇವೆ. ಅಂದು ಅಂಗಡಿಯೂ ಇಲ್ಲ, ಮೊಬೈಲಿನ ಅಂಗಡಿಯೂ ಇಲ್ಲ. ಆರೋಗ್ಯದ ಕಾರಣದಿಂದ ಅನ್ನವನ್ನು ಬಿಡಲಾಗದ ವೃದ್ಧರೂ ಎಳೆಯ ತಾಯಂದಿರೂ ಈ ಉಪವಾಸವನ್ನು ಮಾಡಬಹುದಾಗಿದೆ.

ಪುಸ್ತಕದಲ್ಲಿ ಈಗ ಇನ್ನೊಂದು ಅಂಕಣವಿದೆ. ಅದರ ತಲೆಯಲ್ಲಿ ಪತ್ನಿಯು ತನ್ನ ದುಂಡು ಅಕ್ಷರಗಳಲ್ಲಿ ‘ವಿಸ್ಮಯ’ ಎಂದು ಬರೆದಿದ್ದಾಳೆ. ಕೊಳ್ಳದೆ ಬಿಟ್ಟರೂ ಮನಸ್ಸನ್ನು ಬಿಡದೆ ಕಾಡಿದ ವಸ್ತುಗಳನ್ನು ಆ ಅಂಕಣದಲ್ಲಿ ಬರೆಯುತ್ತೇವೆ. ನನ್ನ ಮೊದಲ ನಮೂದು ಆ ಕೈಗಡಿಯಾರ. ಅದನ್ನು ಬರೆಯುವಾಗ ಅವಳ ಪುಟವನ್ನು ನೋಡಿದೆನು. ಅವಳ ಅಂಕಣದಲ್ಲಿ ಮೂರು ನಮೂದುಗಳಿದ್ದವು. ಅವು ಏನೆಂದು ನಾನು ಓದಲಿಲ್ಲ. ಪ್ರತಿಕ್ರಮಣಕ್ಕೆ ಕುಳಿತಾಗ ಒಬ್ಬರ ಪುಟವನ್ನು ಇನ್ನೊಬ್ಬರು ನೋಡಬಾರದೆಂಬುದನ್ನೂ ನಿಯಮಕ್ಕೆ ಸೇರಿಸಿಕೊಂಡೆವು.